ರೋಜಾದಲ್ಲಿ ಕೆಂಡ, ಕಮಲಾಪುರ ದಾರಿಯಲ್ಲಿ ಬಾಟಲಿ

ಸಂಜೆಯ ನಮಾಜು ಮುಗಿಯುತ್ತಿದ್ದಂತೆ ಕಲಬುರಗಿಯ ರೋಜಾ ಕಡೆಯ ಓಣಿಗಳಲ್ಲಿ ಹೊಗೆ ಏಳುತ್ತದೆ. ಕಬಾಬಿನವರು ಕಬ್ಬಿಣದ ಉದ್ದನೆಯ ತೊಟ್ಟಿಗೆ ಇದ್ದಿಲು ಸುರಿದು ಬೀಸಣಿಗೆ ಹಿಡಿಯುವ ಹೊತ್ತು ಅದು. ಅದೇ ಹೊತ್ತಿಗೆ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ದಿಕ್ಕಿಗೆ ಒಂದಷ್ಟು ಕಾರು, ಬೈಕುಗಳೂ ಹೊರಟಿರುತ್ತವೆ. ಸೀಟಿನ ಮೇಲೋ ಡಿಕ್ಕಿಯಲ್ಲೋ ಕಪ್ಪು ಪ್ಲಾಸ್ಟಿಕ್ ಚೀಲ, ಅದರೊಳಗೆ ಕಾಗದ ಸುತ್ತಿದ ಬಾಟಲಿ. ಗುರಿ ಯಾವುದಾದರೊಂದು ಡಾಬಾ.

ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಸಣ್ಣ ಊರಿನ ಪಬ್ಬಿಗೆ ಹೋದವರಿಗೆ ಈ ಎರಡೂ ಒಂದೇ ಸೂರಿನಡಿ ಸಿಗುತ್ತವೆ. ಒಂದು ಬದಿಗೆ ಬಿಯರು, ಇನ್ನೊಂದು ಬದಿಗೆ ಕೆಂಡದ ಮೇಲೆ ಸುಡುವ ಮಾಂಸ, ನಡುವೆ ಓಣಿಯ ಮಂದಿ. ಕಲಬುರಗಿಯಲ್ಲಿ ಸುಡುವುದು ಒಂದು ಕಡೆ, ಕುಡಿಯುವುದು ಇನ್ನೊಂದು ಕಡೆ. ಈ ಭಾಗ ಮಾಡಿದ್ದು ಬರೀ ಧರ್ಮ ಅಂದುಕೊಳ್ಳಬೇಕಿಲ್ಲ. ಸುಲ್ತಾನರ ಕಾಲದ ಚರಿತ್ರೆ, ಅಬಕಾರಿ ಇಲಾಖೆಯ ಅಳತೆ ಪಟ್ಟಿ, ಸುಪ್ರೀಂ ಕೋರ್ಟಿನ ಒಂದು ತೀರ್ಪು ಎಲ್ಲವೂ ಇದರಲ್ಲಿ ಕೈಯಾಡಿಸಿವೆ.

ಓಣಿಯ ಪಬ್ ಹೇಗಿರಬೇಕು ಎಂದು ಬಹಳ ಚೆಂದವಾಗಿ ಬರೆದವನು ಜಾರ್ಜ್ ಆರ್ವೆಲ್. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆಸಾಮಿ. 1946ರ ಫೆಬ್ರುವರಿಯಲ್ಲಿ ಲಂಡನ್ನಿನ ‘ಈವ್ನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಗೆ ಬರೆದ ‘ದಿ ಮೂನ್ ಅಂಡರ್ ವಾಟರ್’ ಎಂಬ ಪುಟ್ಟ ಪ್ರಬಂಧದಲ್ಲಿ ತನ್ನ ಮೆಚ್ಚಿನ ಪಬ್ಬಿನ ಗುಣಗಳನ್ನೆಲ್ಲ ಹೇಳುತ್ತಾನೆ. ರೇಡಿಯೊ ಗದ್ದಲ ಇರಬಾರದು, ಮಾತು ಕೇಳಿಸಬೇಕು. ಬಡಿಸುವವರಿಗೆ ಗಿರಾಕಿಗಳ ಗುರುತು ಇರಬೇಕು. ಬಾಯಾಡಿಸಲು ಏನಾದರೂ ಸದಾ ಸಿಗಬೇಕು. ಹಿತ್ತಲಲ್ಲಿ ತೋಟ ಇರಬೇಕು, ಅಲ್ಲಿಗೆ ಹೆಂಡತಿ ಮಕ್ಕಳೂ ಬರುವಂತಿರಬೇಕು. ಇಷ್ಟೆಲ್ಲ ಹೇಳಿ ಕೊನೆಗೆ, ಅಂಥ ಪಬ್ಬೇ ಇಲ್ಲ ಎಂದು ಬಾಯಿಬಿಡುತ್ತಾನೆ.

ಆರ್ವೆಲ್‌ನ ಈ ಪಟ್ಟಿ ಹಿಡಿದು ರೋಜಾದ ಚಹಾ ಹೋಟೆಲಿಗೆ ಬಂದರೆ ಬಿಯರೊಂದನ್ನು ಬಿಟ್ಟು ಸುಮಾರು ಅಂಶಗಳಿಗೆ ಪಾಸ್ ಅಂಕ ಕೊಡಬಹುದು. ಒಂದು ಕಪ್ ಚಹಾಕ್ಕೆ ಒಂದು ತಾಸು ಕೂತರೂ ಏಳಿ ಅನ್ನುವವರಿಲ್ಲ. ಗಲ್ಲೆಯ ಮೇಲೆ ಕೂತವರಿಗೆ ಯಾರ ಮಗ ಯಾವ ಊರಿನಲ್ಲಿ ಕೆಲಸಕ್ಕಿದ್ದಾನೆ ಎಂಬುದೆಲ್ಲ ಗೊತ್ತು. ಸಪ್ಲೈಯರ್ ಹುಡುಗ ಹಿರಿಯರನ್ನು ‘ಚಾಚಾ’ ಎನ್ನುತ್ತಾನೆ, ಸಮವಯಸ್ಕರನ್ನು ‘ಭಾಯ್’ ಎನ್ನುತ್ತಾನೆ, ಕನ್ನಡದವರು ಬಂದರೆ ‘ಬರ್ರಿ ಅಣ್ಣಾ, ಏನ್ ಕೊಡ್ಲಿ’ ಎಂದು ತಟ್ಟನೆ ಭಾಷೆ ಬದಲಿಸುತ್ತಾನೆ. ದಖನಿ ಉರ್ದು ಮತ್ತು ಕಲಬುರಗಿ ಕನ್ನಡ ಒಂದೇ ಟೇಬಲ್ಲಿನ ಮೇಲೆ ಆಡುತ್ತವೆ. ರಾಜಕೀಯ, ಜಮೀನು ವ್ಯಾಜ್ಯ, ತೊಗರಿ ರೇಟು ಎಲ್ಲವೂ ಅಲ್ಲೇ ಇತ್ಯರ್ಥ. ಪಟ್ಟಿಯಲ್ಲಿ ನಪಾಸಾಗುವುದು ಹೆಂಗಸರ ವಿಚಾರದಲ್ಲಿ. ಆ ಮಾತು ಮುಂದೆ ಬರುತ್ತದೆ.

ರೋಜಾ ಹುಟ್ಟಿದ್ದೇ ಒಬ್ಬ ಸಂತರ ಸಮಾಧಿಯ ಸುತ್ತ. 1347ರಲ್ಲಿ ಬಹಮನಿ ರಾಜ್ಯ ಕಟ್ಟಿದ ಹಸನ್ ಬಹಮನ್ ಷಾ ಗುಲ್ಬರ್ಗವನ್ನು ರಾಜಧಾನಿ ಮಾಡಿಕೊಂಡ. ಅದಾಗಿ ಅರ್ಧ ಶತಮಾನದ ಮೇಲೆ, ಫಿರೋಜ್ ಷಾನ ಕಾಲದಲ್ಲಿ, ದಿಲ್ಲಿ ಬಿಟ್ಟು ದಖ್ಖನಿಗೆ ಬಂದ ಸೂಫಿ ಸೈಯದ್ ಮುಹಮ್ಮದ್ ಹುಸೇನಿ ಇಲ್ಲಿ ನೆಲೆಸಿದರು. ಜನ ಅವರನ್ನು ಕರೆಯುವುದು ಖ್ವಾಜಾ ಬಂದೇನವಾಜ್ ಎಂದು. 1422ರಲ್ಲಿ ಅವರು ತೀರಿಕೊಂಡ ಮೇಲೆ ಎದ್ದ ಗುಂಬಜ್ ಇಂದಿಗೂ ಬಡಾವಣೆಯ ಕೇಂದ್ರ. ಉರುಸಿನ ದಿನಗಳಲ್ಲಿ ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರ ಮೂರೂ ಕಡೆಯಿಂದ ಜಾತಿ ಮತ ನೋಡದೆ ಮಂದಿ ಬರುತ್ತಾರೆ. ಬಂದವರು ಉಣ್ಣಬೇಕಲ್ಲ. ಯಾತ್ರಿಕರ ಊರಿನಲ್ಲಿ ಅಡುಗೆಯವರಿಗೆ ಬರಗಾಲ ಇರುವುದಿಲ್ಲ. ಊರಿನ ಇನ್ನೊಂದು ಬದಿಗೆ ಶರಣಬಸವೇಶ್ವರರ ದೇವಸ್ಥಾನವಿದೆ, ಅಲ್ಲಿಯ ದಾಸೋಹವೂ ಅಷ್ಟೇ ಹೆಸರಾದದ್ದು. ಬಂದವರಿಗೆ ಉಣಿಸಿ ಕಳಿಸುವುದನ್ನು ಕಲಬುರಗಿ ಎರಡು ಕಡೆಯಿಂದ ಕಲಿತಿದೆ.

1948ರವರೆಗೆ ಈ ಊರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಬದಲಾದರೂ ಒಲೆ ಬದಲಾಗಲಿಲ್ಲ. ಬೆಳಿಗ್ಗೆ ಪಾಯಾ, ರಂಜಾನಿನಲ್ಲಿ ಹಲೀಮ್, ಸಂಜೆ ಸೀಕ್ ಕಬಾಬ್. ಎಲ್ಲದರ ಬೇರು ಹೈದರಾಬಾದಿನ ಕಡೆಗೇ ಹೋಗುತ್ತದೆ. ಗೋಧಿ, ಬೇಳೆ, ಮಾಂಸ ಸೇರಿಸಿ ತಾಸುಗಟ್ಟಲೆ ಕುದಿಸಿ ಕುಟ್ಟಿ ಮಾಡುವ ಹಲೀಮನ್ನು ಹೈದರಾಬಾದಿಗೆ ತಂದವರಲ್ಲಿ ನಿಜಾಮರ ಸೈನ್ಯದ ಅರಬರೂ ಇದ್ದರು ಎನ್ನುತ್ತದೆ ಚರಿತ್ರೆ. 2010ರಲ್ಲಿ ಹೈದರಾಬಾದಿ ಹಲೀಮಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು.

ಕಲಬುರಗಿಯವರು ತಮ್ಮದು ಎಂದು ಎದೆ ತಟ್ಟಿ ಹೇಳುವುದು ಮಾತ್ರ ತಹರಿಯನ್ನು. ಬಿರಿಯಾನಿಯಲ್ಲಿ ಅಕ್ಕಿ ಬೇರೆ ಬೇಯಿಸಿ, ಮಾಂಸದ ಮೇಲೆ ಪದರ ಹಾಕಿ ದಮ್ ಕಟ್ಟುತ್ತಾರೆ. ತಹರಿಗೆ ಅಷ್ಟು ವೈಯಾರವಿಲ್ಲ. ಅರಿಸಿನ, ಹಸಿಮೆಣಸಿನಕಾಯಿ, ಶುಂಠಿ-ಬೆಳ್ಳುಳ್ಳಿ ಹಾಕಿ ಮಾಂಸ ಬೇಯಿಸಿ, ಅದೇ ರಸಕ್ಕೆ ಅಕ್ಕಿ ಸುರಿದು ಮುಚ್ಚುತ್ತಾರೆ. ಹಳದಿ ಅಗುಳು, ಅಲ್ಲಲ್ಲಿ ಮೆತ್ತಗಿನ ಮಾಂಸದ ತುಂಡು, ಬಾಯಿಗೆ ಖಾರ. ದೊಡ್ಡ ಡೇಗಿಯಿಂದ ಪುಟ್ಟ ಪ್ಲೇಟಿಗೆ ಬಡಿಸುತ್ತಾರೆ, ನಿಂತೇ ತಿಂದು ಹೋಗಬಹುದು. ಬೆಳಗಿನ ನಾಷ್ಟಾಕ್ಕೆ ಉಪ್ಪಿಟ್ಟು, ಸುಸಲಾ ಕೇಳುವ ಊರಿನಲ್ಲೇ ತಹರಿ ಕೇಳುವವರೂ ಇದ್ದಾರೆ. ಹಮಾಲರು, ಆಟೊದವರು, ಕಾಲೇಜು ಹುಡುಗರು, ಅವಸರವಿದ್ದು ಹಸಿವೂ ಇದ್ದವರೆಲ್ಲ ಇದರ ಗಿರಾಕಿಗಳು.

ತಹರಿಯ ಅಗ್ಗದ ರೂಪಕ್ಕೆ ದೊಡ್ಡ ಮಾಂಸವೇ, ಅಂದರೆ ದನ, ಎಮ್ಮೆಯ ಮಾಂಸವೇ ಆಧಾರವಾಗಿತ್ತು. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿತು. ಬಡವನ ಪ್ಲೇಟಿನ ಲೆಕ್ಕ ವಿಧಾನಸೌಧದಲ್ಲಿ ಬದಲಾಗುವುದು ಹೀಗೆ.

ಕಬಾಬಿನ ತೊಟ್ಟಿಯ ಬಳಿ ಸ್ವಲ್ಪ ನಿಲ್ಲಬೇಕು. ಖೀಮಾಕ್ಕೆ ಹಸಿ ಪಪ್ಪಾಯಿ ಅರೆದು ಕಲಸಿಟ್ಟಿರುತ್ತಾರೆ. ಪಪ್ಪಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ಕತ್ತರಿಸಿ ಮೆತ್ತಗೆ ಮಾಡುತ್ತದೆ. ಹೆಚ್ಚು ಹೊತ್ತು ಇಟ್ಟರೆ ಹಿಟ್ಟಾಗಿ ಸಲಾಕೆಯಿಂದ ಜಾರಿ ಕೆಂಡಕ್ಕೆ ಬೀಳುತ್ತದೆ. ಆದ್ದರಿಂದಲೇ ಅನುಭವಿಗಳು ಹುರಿಗಡಲೆ ಹಿಟ್ಟು ಸೇರಿಸಿ ಬಿಗಿ ಮಾಡುತ್ತಾರೆ. ಕೈಯನ್ನು ನೀರಿನಲ್ಲಿ ಅದ್ದಿ, ಉಂಡೆಯನ್ನು ಸಲಾಕೆಗೆ ಒತ್ತಿ, ಬೆರಳಿನಿಂದ ಗೀರುಗೀರಾಗಿ ಎಳೆಯುತ್ತಾರೆ. ಅಂದಕ್ಕೆ ಮಾಡುವ ಕೆಲಸ ಇದಲ್ಲ. ಆ ಗೀರುಗಳಿಂದ ಬಿಸಿ ತಾಗುವ ಜಾಗ ಹೆಚ್ಚುತ್ತದೆ, ಅಂಚು ಬೇಗ ಕಂದುತ್ತದೆ. ಕರಗಿದ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಚುರ್ ಎಂದು ಹೊಗೆಯಾಗಿ ಮೇಲೆ ಬಂದು ಮತ್ತೆ ಮಾಂಸಕ್ಕೇ ಅಂಟುತ್ತದೆ. ಗ್ಯಾಸ್ ಒಲೆಯ ಕಬಾಬಿಗೆ ಈ ರುಚಿ ಬರದಿರಲು ಕಾರಣ ಇಷ್ಟೇ. ಜ್ವಾಲೆ ಎದ್ದರೆ ಕಬಾಬ್ ಸೀದುಹೋಗುತ್ತದೆ, ಬೂದಿ ಹೆಚ್ಚಾದರೆ ಒಳಗೆ ಹಸಿ ಉಳಿಯುತ್ತದೆ. ಬೀಸಣಿಗೆ ಹಿಡಿದವನ ಮಣಿಕಟ್ಟೇ ಇಲ್ಲಿ ರೆಗ್ಯುಲೇಟರ್. ಬಯಲುಸೀಮೆಯಲ್ಲಿ ಎಲ್ಲೆಂದರಲ್ಲಿ ಹಬ್ಬಿ ರೈತರ ಶಾಪಕ್ಕೆ ಗುರಿಯಾದ ಬಳ್ಳಾರಿ ಜಾಲಿ ಒಳ್ಳೆಯ ಇದ್ದಿಲಾಗುತ್ತದೆ. ಆ ಗಿಡದಿಂದ ಸಿಗುವ ಒಂದು ಉಪಕಾರ ಅದು.

ಬಣ್ಣದ ವಿಷಯಕ್ಕೂ ಬರಬೇಕು. ಬಾರ್‌ಗಳಲ್ಲಿ, ಸಂಜೆಯ ಗಾಡಿಗಳಲ್ಲಿ ಎಣ್ಣೆಯಲ್ಲಿ ಕರಿದು ಕೊಡುವ ‘ಕಬಾಬ್’ ಇದೆಯಲ್ಲ, ಕೆಂಪಗೆ ಕಣ್ಣಿಗೆ ಹೊಡೆಯುವಂಥದು, ಅದಕ್ಕೂ ಸೀಕ್ ಕಬಾಬಿಗೂ ಹೆಸರಿನ ನಂಟು ಬಿಟ್ಟರೆ ಬೇರೆ ನಂಟಿಲ್ಲ. 2024ರ ಜೂನಿನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಕಬಾಬಿನ 39 ಮಾದರಿಗಳನ್ನು ಪರೀಕ್ಷೆಗೆ ಹಾಕಿತು. ಅವುಗಳಲ್ಲಿ 8 ಅಸುರಕ್ಷಿತ ಎಂದು ವರದಿ ಬಂತು. ಸಿಕ್ಕಿದ್ದು ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್ ಎಂಬ ಕೃತಕ ಬಣ್ಣಗಳು. ಕೂಡಲೇ ಕೋಳಿ, ಮೀನಿನ ಕಬಾಬಿಗೆ ಕೃತಕ ಬಣ್ಣ ಬಳಸುವುದನ್ನು ಸರ್ಕಾರ ನಿಷೇಧಿಸಿತು. ಅದಕ್ಕೆ ಮೂರು ತಿಂಗಳ ಮುಂಚೆ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ಬಣ್ಣಕ್ಕೂ ಇದೇ ಗತಿ ಆಗಿತ್ತು. ಕೆಂಡದ ಮೇಲೆ ಸುಟ್ಟ ಮಾಂಸ ಕಂದು ಬಣ್ಣದ್ದು, ಅಲ್ಲಲ್ಲಿ ಕಪ್ಪು. ಗಿರಾಕಿ ಕೆಂಪು ಬೇಡ ಎನ್ನಲು ಕಲಿತರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಈಗೀಗ ಮಂದಿಯ ಕಾಲ. ಜನರೆಂಬ ಅರ್ಥದ ಮಂದಿಯಲ್ಲ, ಯೆಮೆನ್ ಕಡೆಯ ಅನ್ನ-ಮಾಂಸದ ಮಂದಿ. ದೊಡ್ಡ ತಾಟಿನ ಸುತ್ತ ನಾಲ್ಕೈದು ಜನ ನೆಲದ ಮೇಲೆ ಕೂತು ಒಂದೇ ತಾಟಿನಿಂದ ಉಣ್ಣುವುದು. ಜೊತೆಗೆ ಕೆಂಡದಲ್ಲಿ ಸುಟ್ಟ ಅಲ್‌ಫಹಾಮ್ ಕೋಳಿ. ಹೈದರಾಬಾದಿನ ಬಾರ್ಕಸ್‌ನಲ್ಲಿ ಅರಬ್ ಮೂಲದ ಮನೆತನಗಳು ತಲೆಮಾರುಗಳಿಂದ ಇವೆ, ಕೊಲ್ಲಿ ದೇಶಕ್ಕೆ ದುಡಿಯಲು ಹೋಗಿ ಬಂದವರಂತೂ ಎಲ್ಲ ಕಡೆ ಇದ್ದಾರೆ. ರುಚಿ ಅವರೊಂದಿಗೆ ಬಂತು. ಹಣ ಹಂಚಿಕೊಂಡು ಉಣ್ಣುವ ಕಾಲೇಜು ಹುಡುಗರಿಗೆ ಇದು ಹೇಳಿ ಮಾಡಿಸಿದ ಊಟ.

ಇನ್ನು ಬಾಟಲಿಯ ಕಥೆ.

ರೋಜಾ ಓಣಿಗಳಲ್ಲಿ ಬಾರ್ ತೆರೆಯುವ ಯೋಚನೆ ಯಾರಿಗಾದರೂ ಬಂದರೂ ಧರ್ಮ, ಮರ್ಯಾದೆಗಿಂತ ಮೊದಲು ಅಡ್ಡ ಬರುವುದು ಟೇಪು. ಕರ್ನಾಟಕ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ 1967ರ ನಿಯಮಗಳು ಧಾರ್ಮಿಕ ಸ್ಥಳ, ಶಾಲೆ ಕಾಲೇಜು, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಕೂಡದು ಎನ್ನುತ್ತವೆ. ದರ್ಗಾ, ಮಸೀದಿಗಳು, ಶಾಲೆಗಳು, ಬಂದೇನವಾಜರ ಹೆಸರಿನ ವಿದ್ಯಾಸಂಸ್ಥೆಗಳು, ಹೀಗೆ ಒಂದೊಂದರ ಸುತ್ತಲೂ 100 ಮೀಟರಿನ ವೃತ್ತ ಎಳೆಯುತ್ತ ಹೋದರೆ ಬಾರಿಗೆ ಉಳಿಯುವ ಜಾಗ ಎಷ್ಟು ಎಂಬುದನ್ನು ಓದುಗರೇ ಊಹಿಸಬಹುದು.

ಸನ್ನದುಗಳ ಲೋಕವೇ ಬೇರೆ. ಸಿಎಲ್-2 ಎಂದರೆ ಬಾಟಲಿ ಕೊಂಡು ಹೋಗುವ ಅಂಗಡಿ, ಅಲ್ಲಿ ಕೂತು ಕುಡಿಯುವಂತಿಲ್ಲ. ಸಿಎಲ್-9 ಎಂದರೆ ಊಟ ತಿಂಡಿಯ ಜೊತೆ ಕೂತು ಕುಡಿಯುವ ಬಾರ್. ನಮ್ಮ ಪ್ರತಿ ಊರಿನ ‘ಬಾರ್ ಅಂಡ್ ರೆಸ್ಟೋರೆಂಟ್’ ಬೋರ್ಡಿನ ಮೂಲ ಇದೇ. ಸಿಎಲ್-7 ವಸತಿಗೃಹಗಳಿಗೆ, ಸಿಎಲ್-4 ಕ್ಲಬ್ಬುಗಳಿಗೆ. ಹೊಸ ಸಿಎಲ್-2, ಸಿಎಲ್-9 ಕೊಡುವುದನ್ನು ಸರ್ಕಾರ 1992ರಲ್ಲಿ ನಿಲ್ಲಿಸಿತು. ಆಮೇಲೆ ಹಳೆಯ ಸನ್ನದುಗಳೇ ಕೈಯಿಂದ ಕೈಗೆ ದಾಟುತ್ತ, ಅವುಗಳ ಬೆಲೆ ಏರುತ್ತ ಹೋಯಿತು. ಅಷ್ಟು ದುಡ್ಡು ಸುರಿದವನು ಓಣಿಯ ನಾಲ್ಕು ಮಂದಿ ಹರಟಲು ಟೇಬಲ್ ಹಾಕುವುದಿಲ್ಲ. ಟೇಬಲ್ ಬೇಗ ಖಾಲಿಯಾಗಬೇಕು, ಕ್ವಾರ್ಟರ್ ಮೇಲೆ ಕ್ವಾರ್ಟರ್ ಹೋಗಬೇಕು. ಮಂದ ಬೆಳಕು, ಜೋರು ಟಿವಿ, ತಟ್ಟೆಯಲ್ಲಿ ಖಾರದ ಶೇಂಗಾ. ಆರ್ವೆಲ್ ಒಳಗೆ ಕಾಲಿಟ್ಟು ಹಾಗೇ ಹೊರಗೆ ಬರುತ್ತಿದ್ದ. ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ 2011ರಲ್ಲಿ ಬಿಯರ್ ಕ್ಲಬ್ ಎಂಬ ಹೆಸರಿನಲ್ಲಿ ಕಿರು ಬ್ರೂವರಿ ಶುರುವಾದ ಮೇಲೆ ರಾಜಧಾನಿಯ ಕುಡಿತಕ್ಕೆ ಬೇರೆಯೇ ಶೋಕಿ ಬಂತು. ಜಿಲ್ಲಾ ಕೇಂದ್ರಗಳ ಬಾರುಗಳಲ್ಲಿ ಪರದೆ ಮತ್ತು ಕ್ಯಾಬಿನ್ನುಗಳ ಕಾಲ ಇನ್ನೂ ಮುಗಿದಿಲ್ಲ.

ಹಾಗೆಂದು ಈ ಸೀಮೆಗೆ ಕುಡಿತ ಹೊಸದಲ್ಲ. ನಿಜಾಮರ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆಧಾರವಾಗಿತ್ತು, ಈಚಲು ಮರದ ಸೇಂದಿ ಹಳ್ಳಿಹಳ್ಳಿಯ ಪಾನೀಯವಾಗಿತ್ತು. ಸೇಂದಿ ಹೋಯಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಹೋದದ್ದರ ಜಾಗಕ್ಕೆ ಬಂದದ್ದು ಕಾರ್ಖಾನೆಯ ವಿಸ್ಕಿಯ ಅಗ್ಗದ ಪ್ಯಾಕೆಟ್. ಹಳ್ಳಿ, ತಾಂಡಾಗಳ ಕಿರಾಣಿ ಅಂಗಡಿಯಲ್ಲೂ ಅದು ಕಳ್ಳತನದಲ್ಲಿ ಸಿಗತೊಡಗಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಣ್ಣುಮಕ್ಕಳು, ರಾಯಚೂರು ಕಡೆಯವರೇ ಮುಂದಾಗಿ, ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದದ್ದು ಇದೇ ಸಂಕಟಕ್ಕೆ. ಸರ್ಕಾರ ಕೇಳಿಸಿಕೊಂಡಿತು, ಅಷ್ಟೇ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ.

ಕಮಲಾಪುರದ ದಾರಿಗೆ ಬರೋಣ. ಕಲಬುರಗಿಯಿಂದ ಮಹಾಗಾಂವ ಕ್ರಾಸ್ ದಾಟಿ ಹುಮನಾಬಾದ್, ಬೀದರ್ ಕಡೆಗೆ ಹೋಗುವ ಈ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 50. 2018ರಲ್ಲಿ ತಾಲ್ಲೂಕು ಕೇಂದ್ರವಾದ ಕಮಲಾಪುರ ಅದಕ್ಕಿಂತ ಮುಂಚಿನಿಂದಲೂ ಕೆಂಪು ಬಾಳೆಗೆ ಹೆಸರುವಾಸಿ, ಭೌಗೋಳಿಕ ಸೂಚ್ಯಂಕವೂ ಇದೆ. ಹಣ್ಣು ದಪ್ಪ, ಸಿಪ್ಪೆ ತಾಮ್ರದ ಬಣ್ಣ, ಬೆಲೆ ಮಾಮೂಲಿ ಬಾಳೆಗಿಂತ ಸಾಕಷ್ಟು ಮೇಲೆ. ಮಾಮೂಲಿ ಬಾಳೆಗಿಂತ ಹೆಚ್ಚು ತಿಂಗಳು ತೆಗೆದುಕೊಳ್ಳುವ ಬೆಳೆಯಾದ್ದರಿಂದ ರೈತರಲ್ಲಿ ಆಸಕ್ತಿ ಕಡಿಮೆಯಾಗುತ್ತಿದೆ ಎಂಬ ಕೊರಗು ಹಳೆಯದು.

ಡಾಬಾದ ಊಟವನ್ನು ಹಗುರವಾಗಿ ಕಾಣುವಂತಿಲ್ಲ. ಪಂಜಾಬಿ ಹೆಸರು ಹೊತ್ತ ಬೋರ್ಡಿನ ಕೆಳಗೆ ಉಣಬಡಿಸುವುದು ಅಪ್ಪಟ ಈ ಮಣ್ಣಿನದನ್ನೇ. ತಟ್ಟಿದ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಅಂಡಾ ಬುರ್ಜಿ, ಎಣ್ಣೆ ತೇಲುವ ಮಟನ್ ಸಾರು. ದಾಲ್ ಫ್ರೈಗೆ ಬಳಸುವ ತೊಗರಿಬೇಳೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಗುಲ್ಬರ್ಗಾ ತೊಗರಿಯದೇ ಆಗಿದ್ದರೆ, ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ, ಪಕ್ಕದ ಕೋಳಿಯನ್ನು ಮರೆಯಬಹುದು. ಸುಣ್ಣ, ಪೊಟ್ಯಾಸಿಯಂ ಇರುವ ನೆಲದಲ್ಲಿ ಬೆಳೆದ ಈ ತೊಗರಿ ಬೇಗ ಬೇಯುತ್ತದೆ ಎಂಬುದು ಇಲ್ಲಿಯವರ ಹೆಮ್ಮೆ. ಬೇಸಿಗೆಯಲ್ಲಿ ಉಷ್ಣಾಂಶ 43, 44 ಡಿಗ್ರಿ ಮುಟ್ಟುವ ಊರಿನ ಮಂದಿಗೆ ರಾತ್ರಿ ಬಯಲಿನಲ್ಲಿ ಹೊರಸು ಹಾಕಿಕೊಂಡು ಕೂರುವುದೇ ಅರ್ಧ ಊಟ.

ಡಾಬಾದ ತೊಂದರೆ ಬೇರೆ. ಅದಕ್ಕೆ ಮದ್ಯದ ಸನ್ನದು ಇಲ್ಲ. ಗಿರಾಕಿ ಬಾಟಲಿಯನ್ನು ತಾನೇ ತರುತ್ತಾನೆ, ಡಾಬಾದವನು ಲೋಟ, ಸೋಡಾ ಇಟ್ಟು ಅತ್ತ ತಿರುಗುತ್ತಾನೆ. ಕುಡಿಯಲು ಜಾಗ ಮಾಡಿಕೊಟ್ಟ ಡಾಬಾ ಮಾಲೀಕರ ಮೇಲೆ ಅಬಕಾರಿ ಕಾಯ್ದೆಯ ಕಲಂ 15(ಎ) ಅಡಿ ಕೇಸು ಬಿದ್ದ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ.

ಇಲ್ಲೊಂದು ವಿಪರ್ಯಾಸವಿದೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು, ತಮಿಳುನಾಡು ಸರ್ಕಾರ ಮತ್ತು ಕೆ. ಬಾಲು ನಡುವಣ ಪ್ರಕರಣದಲ್ಲಿ, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಕೂಡದು ಎಂದಿತು. 2017ರ ಮಾರ್ಚ್ 31ರಂದು ಅದನ್ನೇ ತಿದ್ದಿ, ಜನಸಂಖ್ಯೆ 20 ಸಾವಿರ ಮೀರದ ಊರುಗಳಿಗೆ 220 ಮೀಟರ್ ಎಂದಿತು. ಆಮೇಲೆ ನಗರ ವ್ಯಾಪ್ತಿಗೆ ಸಡಿಲಿಕೆ ಬಂತು. ಉದ್ದೇಶ ಸರಿಯಾಗಿತ್ತು, ರಸ್ತೆಯ ಮೇಲಿನ ಸಾವು ತಗ್ಗಬೇಕಿತ್ತು. ಆದರೆ ಮದ್ಯದಂಗಡಿಗೆ ಅಳತೆ ಹಚ್ಚಬಹುದು, ಕಾರಿನ ಡಿಕ್ಕಿಯಲ್ಲಿ ಹೋಗುವ ಬಾಟಲಿಗೆ ಯಾವ ಟೇಪು ಹಿಡಿಯುವುದು? ಊರೊಳಗೆ ಕೊಂಡದ್ದನ್ನು ಹೆದ್ದಾರಿಯ ಅಂಚಿನಲ್ಲಿ ಕುಡಿದು, ಅದೇ ಹೆದ್ದಾರಿಯಲ್ಲಿ ಗಾಡಿ ಓಡಿಸಿಕೊಂಡು ಮರಳುವುದನ್ನು ಈ ತೀರ್ಪು ತಡೆಯಲಿಲ್ಲ. ನೆರೆಹೊರೆಯ ಪಬ್ಬಿನ ದೊಡ್ಡ ಗುಣವೆಂದರೆ ಕುಡಿದವನು ನಡೆದೇ ಮನೆ ಸೇರಬಹುದು. ನಮ್ಮ ವ್ಯವಸ್ಥೆ ಆ ಒಂದು ಗುಣವನ್ನೇ ಕಳೆದುಕೊಂಡಿದೆ.

ಹೆಂಗಸರ ಮಾತು ಬಾಕಿ ಇತ್ತು. ಬಾರುಗಳ ‘ಫ್ಯಾಮಿಲಿ ಸೆಕ್ಷನ್’ ಮೆಟ್ಟಿಲು ಹತ್ತಿ ಹೋಗುವ ಎಸಿ ಕೋಣೆ, ಡಾಬಾದಲ್ಲಿ ತಡಿಕೆ ಮರೆ, ಚಹಾ ಹೋಟೆಲಿನಲ್ಲಿ ಪರದೆ ಹಾಕಿದ ಮೂಲೆ. ಉಣ್ಣಲು ಅಡ್ಡಿಯಿಲ್ಲ. ಆದರೆ ಹಾಗೇ ಒಂದು ತಾಸು ಹರಟುತ್ತ ಕೂರುವ ಸಲಿಗೆ ಗಂಡಸರದ್ದು ಮಾತ್ರ. ಈ ಲೆಕ್ಕದಲ್ಲಿ ಮುಂದಿರುವುದು ಹೊಸ ಮಂದಿ ಹೋಟೆಲುಗಳೇ. ನೆಲದ ಮೇಲಿನ ಹಾಸು, ಮನೆಮಂದಿಗೆಲ್ಲ ಒಂದೇ ತಾಟು, ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಒಟ್ಟಿಗೆ. ರೋಜಾದ ಹಳೆಯ ಚಹಾ ಹೋಟೆಲುಗಳು ಇವರಿಂದ ಒಂದು ಪಾಠ ಕಲಿತು ನಾಲ್ಕು ಟೇಬಲ್ಲನ್ನು ಪರದೆಯಿಲ್ಲದೆ ಹೆಣ್ಣುಮಕ್ಕಳಿಗೂ ಬಿಟ್ಟುಕೊಟ್ಟರೆ ವ್ಯಾಪಾರಕ್ಕೆ ನಷ್ಟವೇನೂ ಆಗದು.

ಕಲಬುರಗಿಗೆ ಹೋಗುವವರು ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ತಹರಿ ಕೇಳಿ, ಸಂಜೆ ಕೆಂಡದ ಮುಂದೆ ನಿಂತು ಕಂದು ಬಣ್ಣದ ಕಬಾಬ್ ಕೇಳಿ, ಕಮಲಾಪುರದಲ್ಲಿ ಕೆಂಪು ಬಾಳೆಯ ಒಂದು ಚಿಪ್ಪು ಕೊಳ್ಳಿ. ಡಾಬಾದಲ್ಲಿ ರೊಟ್ಟಿ, ದಾಲ್ ಉಣ್ಣಿ. ಕುಡಿಯಲೇಬೇಕಿದ್ದವರು ಸನ್ನದು ಇರುವ ಕಡೆ ಕೂತು, ಗಾಡಿಯ ಕೀಲಿಯನ್ನು ಕುಡಿಯದವರ ಕೈಗೆ ಕೊಡಲಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ದಾಟಿದರೆ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ.